ಫಿಟ್‌ನೆಸ್ ಟ್ರ್ಯಾಕರ್ ಮತ್ತು ತೂಕ ಇಳಿಕೆ

ಫಿಟ್‌ನೆಸ್ ಟ್ರ್ಯಾಕರ್ ಎಂಬುದು ಮಣಿಕಟ್ಟು, ತೋಳು ಅಥವಾ ಸೊಂಟಕ್ಕೆ ಧರಿಸಿಕೊಳ್ಳುವ ಚಿಕ್ಕ ವಿದ್ಯುನ್ಮಾನ ಸಾಧನ. ಇದು ಧರಿಸಿದವರ ಹೆಜ್ಜೆಗಳನ್ನು ಎಣಿಸುತ್ತದೆ, ನಾಡಿಬಡಿತವನ್ನು ಗುರುತಿಸುತ್ತದೆ ಹಾಗೂ ದಿನದಲ್ಲಿ ವ್ಯಯವಾದ ಶಕ್ತಿಯನ್ನು ಅಂದಾಜು ಮಾಡಿ ತೋರಿಸುತ್ತದೆ. ಸ್ಮಾರ್ಟ್‌ವಾಚ್‌ಗಳಲ್ಲಿಯೂ ಇದೇ ಸೌಲಭ್ಯವಿರುತ್ತದೆ. ಈ ಸಾಧನಗಳನ್ನು ಕೊಳ್ಳುವವರಲ್ಲಿ ಅನೇಕರ ಉದ್ದೇಶ ತೂಕ ಇಳಿಸುವುದು. ಆದರೆ ಈವರೆಗಿನ ಸಂಶೋಧನೆಗಳ ಪ್ರಕಾರ ಟ್ರ್ಯಾಕರ್ ಧರಿಸುವುದರಿಂದ ನಡಿಗೆ ಹೆಚ್ಚುತ್ತದೆಯಾದರೂ ತೂಕದಲ್ಲಿ ಆಗುವ ಇಳಿಕೆ ಸರಾಸರಿ ಒಂದು ಕಿಲೋಗ್ರಾಂನಷ್ಟು ಮಾತ್ರ. ಕೆಲವು ದೀರ್ಘಾವಧಿಯ ಪ್ರಯೋಗಗಳಲ್ಲಿ ಅಷ್ಟೂ ಕಂಡುಬಂದಿಲ್ಲ.

ಹಿನ್ನೆಲೆ

ಹೆಜ್ಜೆ ಎಣಿಸುವ ಯಂತ್ರವನ್ನು ಜನಪ್ರಿಯಗೊಳಿಸಿದ್ದು ಜಪಾನ್. 1964ರ ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ ಯಮಾಸಾ ಎಂಬ ಗಡಿಯಾರ ಸಂಸ್ಥೆಯು ಸೊಂಟಕ್ಕೆ ಕಟ್ಟಿಕೊಳ್ಳುವ 'ಮಾನ್ಪೊ-ಕೆಯಿ' ಎಂಬ ಸಾಧನವನ್ನು ಮಾರುಕಟ್ಟೆಗೆ ತಂದಿತು. ಈ ಹೆಸರಿನ ಅರ್ಥ 'ಹತ್ತು ಸಾವಿರ ಹೆಜ್ಜೆ ಮಾಪಕ'. ಇಂದು ಬಹುತೇಕ ಟ್ರ್ಯಾಕರ್‌ಗಳು ದಿನದ ಗುರಿಯೆಂದು ತೋರಿಸುವ 10,000 ಹೆಜ್ಜೆಗಳ ಮೂಲ ಈ ಹೆಸರೇ ಹೊರತು ವೈದ್ಯಕೀಯ ಅಧ್ಯಯನವಲ್ಲ. 2022ರಲ್ಲಿ ಪ್ರಕಟವಾದ, 15 ಅಧ್ಯಯನಗಳ 47,471 ಜನರ ಮಾಹಿತಿಯನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದರಲ್ಲಿ ಅಕಾಲ ಮರಣದ ಅಪಾಯವು ಹೆಜ್ಜೆ ಹೆಚ್ಚಿದಂತೆ ತಗ್ಗುತ್ತಾ ಹೋಗಿ, 60 ದಾಟಿದವರಲ್ಲಿ ಸುಮಾರು 6,000ದಿಂದ 8,000 ಹೆಜ್ಜೆಗೂ ಅದಕ್ಕಿಂತ ಕಿರಿಯರಲ್ಲಿ 8,000ದಿಂದ 10,000 ಹೆಜ್ಜೆಗೂ ಸ್ಥಿರವಾಗುವುದು ಕಂಡುಬಂದಿತು.

ಫಿಟ್‌ಬಿಟ್ ಸಂಸ್ಥೆಯ ಮೊದಲ ಸಾಧನ 2009ರಲ್ಲಿ ಬಂದಿತು. 2014ರಲ್ಲಿ ಶಿಯೋಮಿಯ ಅಗ್ಗದ ಎಂಐ ಬ್ಯಾಂಡ್, 2015ರಲ್ಲಿ ಆಪಲ್ ವಾಚ್ ಬಂದವು. ಬೆಂಗಳೂರಿನಲ್ಲಿ ಪ್ರಧಾನ ಕಚೇರಿ ಹೊಂದಿರುವ ಟೈಟಾನ್ ಸಂಸ್ಥೆಯು 2017ರಲ್ಲಿ ಫಾಸ್ಟ್‌ಟ್ರ್ಯಾಕ್ ರಿಫ್ಲೆಕ್ಸ್ ಎಂಬ ಬ್ಯಾಂಡನ್ನು ಹೊರತಂದಿತು. ಬೆಲೆ ಇಳಿದಂತೆ ಈ ಸಾಧನಗಳು ಮಹಾನಗರಗಳನ್ನು ದಾಟಿ ಜಿಲ್ಲಾ ಕೇಂದ್ರ, ತಾಲ್ಲೂಕು ಕೇಂದ್ರಗಳ ಮೊಬೈಲ್ ಅಂಗಡಿಗಳಿಗೂ ಬಂದಿವೆ.

ಕಾರ್ಯವಿಧಾನ ಮತ್ತು ನಿಖರತೆ

ಸಾಧನದೊಳಗಿನ ಅಕ್ಸೆಲೆರೋಮೀಟರ್ ಮೂರು ದಿಕ್ಕುಗಳಲ್ಲಿನ ಚಲನೆಯನ್ನು ಅಳೆಯುತ್ತದೆ. ನಡೆಯುವಾಗ ಕೈ ಬೀಸುವ ಲಯವನ್ನು ತಂತ್ರಾಂಶವು ಹೆಜ್ಜೆಯೆಂದು ಎಣಿಸುತ್ತದೆ. ಹಿಂಬದಿಯ ಹಸಿರು ದೀಪವು ಚರ್ಮದ ಕೆಳಗಿನ ರಕ್ತದ ಹರಿವಿನ ಏರಿಳಿತವನ್ನು ಗ್ರಹಿಸಿ ನಾಡಿಬಡಿತವನ್ನು ಲೆಕ್ಕ ಹಾಕಲು ನೆರವಾಗುತ್ತದೆ. ವ್ಯಯವಾದ ಕ್ಯಾಲರಿಯನ್ನು ಮಾತ್ರ ಯಾವ ಟ್ರ್ಯಾಕರೂ ನೇರವಾಗಿ ಅಳೆಯುವುದಿಲ್ಲ. ಬಳಕೆದಾರರು ನಮೂದಿಸಿದ ವಯಸ್ಸು, ಎತ್ತರ, ತೂಕ ಮತ್ತು ಲಿಂಗದ ವಿವರಗಳನ್ನು ಹೆಜ್ಜೆ ಹಾಗೂ ನಾಡಿಬಡಿತದೊಂದಿಗೆ ಸೇರಿಸಿ ಸೂತ್ರವೊಂದರ ಮೂಲಕ ಊಹಿಸುತ್ತದೆ.

ಈ ಊಹೆಯೇ ಸಾಧನದ ಅತ್ಯಂತ ದುರ್ಬಲ ಭಾಗ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ 60 ಸ್ವಯಂಸೇವಕರಿಗೆ ಏಳು ಬಗೆಯ ಸಾಧನಗಳನ್ನು ಕಟ್ಟಿ ಪರೀಕ್ಷಿಸಿದರು. ಏಳರಲ್ಲಿ ಆರು ಸಾಧನಗಳು ನಾಡಿಬಡಿತವನ್ನು ಶೇ. 5ಕ್ಕಿಂತ ಕಡಿಮೆ ತಪ್ಪಿನೊಂದಿಗೆ ತೋರಿಸಿದವು. ಆದರೆ ಶಕ್ತಿವ್ಯಯದ ಲೆಕ್ಕದಲ್ಲಿ ಅತ್ಯುತ್ತಮ ಸಾಧನವೂ ಸರಾಸರಿ ಶೇ. 27ರಷ್ಟು ತಪ್ಪಿತು, ಅತ್ಯಂತ ಕಳಪೆಯದು ಶೇ. 93ರಷ್ಟು. ತೂಕ ಇಳಿಸಬೇಕೆನ್ನುವವರು ಮೊದಲು ನೋಡುವುದು ಇದೇ ಅಂಕಿಯನ್ನು.

ದೈಹಿಕ ಶ್ರಮದ ಸ್ವರೂಪವೂ ಲೆಕ್ಕವನ್ನು ಕೆಡಿಸುತ್ತದೆ. ಕೃಷಿ ಮಾರುಕಟ್ಟೆಯಲ್ಲಿ ಮೆಕ್ಕೆಜೋಳದ ಚೀಲ ಹೊರುವ ಹಮಾಲಿಯ ಹೆಜ್ಜೆಗಳು ಎಣಿಕೆಗೆ ಸಿಗಬಹುದು, ಬೆನ್ನ ಮೇಲಿನ ಭಾರ ಸಿಗುವುದಿಲ್ಲ. ತಳ್ಳುಗಾಡಿಯನ್ನು ಹಿಡಿದು ನಡೆಯುವವರ ಕೈ ಬೀಸುವುದಿಲ್ಲವಾದ್ದರಿಂದ ಮಣಿಕಟ್ಟಿನ ಸಾಧನ ಅವರ ಹೆಜ್ಜೆಗಳನ್ನು ಕಡಿಮೆ ಎಣಿಸುತ್ತದೆ. ಹದಗೆಟ್ಟ ರಸ್ತೆಯಲ್ಲಿ ಬೈಕ್ ಓಡಿಸುವವರಿಗೆ ನಡೆಯದ ಹೆಜ್ಜೆಗಳು ಲಭಿಸುವುದೂ ಉಂಟು. ಹೆಜ್ಜೆ ಎಣಿಸಲು ಮೊಬೈಲ್ ಫೋನನ್ನೇ ನೆಚ್ಚಿಕೊಂಡರೆ, ಫೋನನ್ನು ಕಪಾಟಿನ ಮೇಲಿಟ್ಟು ಮನೆಗೆಲಸ ಮಾಡುವ ಗೃಹಿಣಿಯ ದಿನವಿಡೀ ಓಡಾಟ ಶೂನ್ಯವಾಗಿಬಿಡುತ್ತದೆ.

ಪ್ರಮುಖ ಸಂಶೋಧನೆಗಳು

ಈ ವಿಷಯದಲ್ಲಿ ಅತಿಹೆಚ್ಚು ಚರ್ಚೆಗೊಳಗಾದದ್ದು ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಜಾನ್ ಜಾಕಿಸಿಕ್ ನೇತೃತ್ವದಲ್ಲಿ ನಡೆದ 'ಐಡಿಯಾ' ಪ್ರಯೋಗ. ಇದರ ಫಲಿತಾಂಶ 2016ರ ಸೆಪ್ಟೆಂಬರ್‌ನಲ್ಲಿ ಅಮೆರಿಕನ್ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. 18ರಿಂದ 35 ವಯಸ್ಸಿನ, ಅಧಿಕ ತೂಕದ 471 ಮಂದಿಯನ್ನು ಎರಡು ಗುಂಪುಗಳಿಗೆ ಹಂಚಲಾಯಿತು. ಮೊದಲ ಆರು ತಿಂಗಳು ಎಲ್ಲರಿಗೂ ಕಡಿಮೆ ಕ್ಯಾಲರಿಯ ಆಹಾರ, ವ್ಯಾಯಾಮದ ಸಲಹೆ ಮತ್ತು ಗುಂಪು ಸಮಾಲೋಚನೆ ಒಂದೇ ರೀತಿಯಲ್ಲಿ ದೊರೆಯಿತು. ಆ ಬಳಿಕ ಒಂದು ಗುಂಪಿನವರು ತಮ್ಮ ಆಹಾರ, ವ್ಯಾಯಾಮಗಳನ್ನು ತಾವೇ ದಾಖಲಿಸುತ್ತಾ ಹೋದರು. ಮತ್ತೊಂದು ಗುಂಪಿಗೆ ತೋಳಿಗೆ ಕಟ್ಟುವ ಟ್ರ್ಯಾಕರ್ ನೀಡಲಾಯಿತು. ಎರಡು ವರ್ಷಗಳ ಕೊನೆಗೆ ಸಾಧನವಿಲ್ಲದವರು ಸರಾಸರಿ 5.9 ಕೆ.ಜಿ. ಇಳಿದಿದ್ದರೆ, ಸಾಧನ ಧರಿಸಿದವರು 3.5 ಕೆ.ಜಿ. ಮಾತ್ರ ಇಳಿದಿದ್ದರು.

ಫಲಿತಾಂಶ ಸಂಶೋಧಕರ ನಿರೀಕ್ಷೆಗೆ ವಿರುದ್ಧವಾಗಿತ್ತು. ಆಹಾರ ಮತ್ತು ಚಟುವಟಿಕೆಯ ಅಳತೆಗಳಲ್ಲಿ ಎರಡೂ ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣದ ಕಾರಣ ಈ ಅಂತರಕ್ಕೆ ಖಚಿತ ವಿವರಣೆ ಸಿಕ್ಕಿಲ್ಲ. 'ಇಷ್ಟು ನಡೆದಾಯಿತು, ಇನ್ನಷ್ಟು ತಿನ್ನಬಹುದು' ಎಂಬ ಮನೋಭಾವ ಕಾರಣವಿರಬಹುದೆಂಬ ಊಹೆ ವ್ಯಾಪಕವಾಗಿ ಪ್ರಚಾರ ಪಡೆಯಿತಾದರೂ ಅದು ಊಹೆಯಾಗಿಯೇ ಉಳಿದಿದೆ. ಪ್ರಯೋಗದಲ್ಲಿದ್ದವರೆಲ್ಲ ಯುವಜನರು ಮತ್ತು ಬಳಸಿದ್ದು ಇಂದಿನ ಮಣಿಕಟ್ಟಿನ ಸಾಧನವಲ್ಲ ಎಂಬುದನ್ನೂ ಗಮನಿಸಬೇಕು. ಆ ಟ್ರ್ಯಾಕರನ್ನು ತಯಾರಿಸಿದ ಬಾಡಿಮೀಡಿಯಾ ಸಂಸ್ಥೆಯನ್ನು 2013ರಲ್ಲಿ ಜಾಬೋನ್ ಕೊಂಡುಕೊಂಡಿತ್ತು. 2017ರಲ್ಲಿ ಜಾಬೋನ್ ಕೂಡ ಮುಚ್ಚಿತು.

ಅದೇ 2016ರಲ್ಲಿ ಸಿಂಗಾಪುರದ 13 ಸಂಸ್ಥೆಗಳ 800 ಉದ್ಯೋಗಿಗಳ ಮೇಲೆ ನಡೆದ ಪ್ರಯೋಗದ ವರದಿಯೂ ಹೊರಬಂದಿತು. ಕೆಲವರಿಗೆ ಬರಿಯ ಟ್ರ್ಯಾಕರ್, ಕೆಲವರಿಗೆ ಟ್ರ್ಯಾಕರ್ ಜೊತೆಗೆ ಹೆಜ್ಜೆಗೆ ತಕ್ಕ ನಗದು, ಇನ್ನು ಕೆಲವರಿಗೆ ಅವರ ಹೆಸರಿನಲ್ಲಿ ದತ್ತಿ ಸಂಸ್ಥೆಗೆ ಹಣ ನೀಡುವ ವ್ಯವಸ್ಥೆಯಿತ್ತು. ಹಣ ದೊರೆಯುವವರೆಗೆ ನಗದು ಪಡೆದವರ ಚಟುವಟಿಕೆ ಹೆಚ್ಚಿತು, ನಿಂತ ಮೇಲೆ ಕುಸಿಯಿತು. ವರ್ಷದ ಕೊನೆಗೆ ತೂಕದಲ್ಲಾಗಲಿ ರಕ್ತದೊತ್ತಡದಲ್ಲಾಗಲಿ ಯಾವ ಗುಂಪಿನಲ್ಲೂ ಸುಧಾರಣೆ ಕಾಣಲಿಲ್ಲ. ಸಾಧನ ಪಡೆದವರಲ್ಲಿ ಶೇ. 40ರಷ್ಟು ಮಂದಿ ಆರು ತಿಂಗಳೊಳಗೆ ಅದನ್ನು ಕಳಚಿಟ್ಟಿದ್ದರು. ವರ್ಷದ ಬಳಿಕವೂ ಧರಿಸುತ್ತಿದ್ದವರು ಶೇ. 10ರಷ್ಟು ಮಾತ್ರ.

ಒಟ್ಟಾರೆ ಚಿತ್ರ ಇಷ್ಟು ನಿರಾಶಾದಾಯಕವಲ್ಲ. ದಕ್ಷಿಣ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ 39 ವ್ಯವಸ್ಥಿತ ಪರಾಮರ್ಶೆಗಳನ್ನು (ಒಟ್ಟು ಸುಮಾರು 1,64,000 ಜನರು) ಒಗ್ಗೂಡಿಸಿ ನೋಡಿದಾಗ, ಟ್ರ್ಯಾಕರ್ ಬಳಸುವವರು ದಿನಕ್ಕೆ ಸುಮಾರು 1,800 ಹೆಜ್ಜೆ ಹೆಚ್ಚು ನಡೆಯುತ್ತಾರೆ ಹಾಗೂ ಅವರ ತೂಕ ಸರಾಸರಿ 1 ಕೆ.ಜಿ.ಯಷ್ಟು ಇಳಿಯುತ್ತದೆ ಎಂದು ತಿಳಿದುಬಂದಿತು.

ನಡಿಗೆ ಮತ್ತು ಆಹಾರದ ಲೆಕ್ಕ

ಇಳಿಕೆ ಇಷ್ಟು ಅಲ್ಪವಾಗಿರಲು ಕಾರಣವನ್ನು ಮಧ್ಯ ಕರ್ನಾಟಕದ ಒಂದು ಪರಿಚಿತ ದಾರಿಯ ಉದಾಹರಣೆಯಿಂದ ತಿಳಿಯಬಹುದು. ದಾವಣಗೆರೆಯಿಂದ ತುಂಗಭದ್ರಾ ತೀರದ ಹರಿಹರಕ್ಕೆ ಸುಮಾರು 14 ಕಿ.ಮೀ. ದೂರ. 70 ಕೆ.ಜಿ. ತೂಕದ ವ್ಯಕ್ತಿ ಗಂಟೆಗೆ 5 ಕಿ.ಮೀ. ವೇಗದಲ್ಲಿ ಈ ದಾರಿಯನ್ನು ನಡೆದರೆ ಮೂರು ಗಂಟೆಗೆ ತುಸು ಕಡಿಮೆ ಸಮಯ ಹಿಡಿಯುತ್ತದೆ. ಟ್ರ್ಯಾಕರ್ ಸುಮಾರು 20,000 ಹೆಜ್ಜೆ ತೋರಿಸುತ್ತದೆ. ಈ ಅವಧಿಯಲ್ಲಿ ದೇಹ ವ್ಯಯಿಸುವ ಒಟ್ಟು ಶಕ್ತಿ 690 ಕಿಲೋಕ್ಯಾಲರಿಯ ಆಸುಪಾಸು. ಆದರೆ ಅಷ್ಟು ಹೊತ್ತು ಸುಮ್ಮನೆ ಕುಳಿತಿದ್ದರೂ 200ರಷ್ಟು ಖರ್ಚಾಗುತ್ತಿತ್ತು. ಅದನ್ನು ಕಳೆದರೆ ನಡಿಗೆಯಿಂದ ಆದ ನಿಜವಾದ ಹೆಚ್ಚುವರಿ ವ್ಯಯ 490 ಕಿಲೋಕ್ಯಾಲರಿ. ಒಂದು ಕಿಲೋಗ್ರಾಂ ದೇಹದ ಕೊಬ್ಬಿನಲ್ಲಿ ಸುಮಾರು 7,700 ಕಿಲೋಕ್ಯಾಲರಿ ಶಕ್ತಿ ಅಡಗಿರುವುದರಿಂದ, ಊಟದಲ್ಲಿ ಏನನ್ನೂ ಹೆಚ್ಚಿಸದೆ ಹರಿಹರಕ್ಕೆ 16 ಬಾರಿ ನಡೆದರೆ ಒಂದು ಕೆ.ಜಿ. ಇಳಿಯಬೇಕು.

ಇತ್ತ ಬೆಣ್ಣೆಯ ಪ್ರತಿ ಗ್ರಾಂನಲ್ಲಿ 7 ಕಿಲೋಕ್ಯಾಲರಿಗಿಂತ ಸ್ವಲ್ಪ ಹೆಚ್ಚು ಶಕ್ತಿಯಿದೆ. ಅಂದರೆ ಆ ಇಡೀ ನಡಿಗೆಯ ಫಲ ಸುಮಾರು 70 ಗ್ರಾಂ ಬೆಣ್ಣೆಗೆ ಸಮ. ಬೆಣ್ಣೆ ದೋಸೆಗೆ ಹೆಸರಾದ ಊರಿನಲ್ಲಿ ಈ ಹೋಲಿಕೆ ಅಪ್ರಸ್ತುತವಲ್ಲ. ಊರಿನ ಇನ್ನೊಂದು ಪ್ರಸಿದ್ಧ ತಿನಿಸಾದ ಮಂಡಕ್ಕಿ ಹಗುರವಾದದ್ದು. ಒಂದು ಹಿಡಿ ಮಂಡಕ್ಕಿಯಿಂದ ದೇಹಕ್ಕೆ ಸೇರುವುದು ಅತ್ಯಲ್ಪ. ಅದರ ಜೊತೆಗಿನ ಮೆಣಸಿನಕಾಯಿ ಬಜ್ಜಿ ಹೀರಿಕೊಂಡ ಎಣ್ಣೆಯಲ್ಲಾದರೋ ಪ್ರತಿ ಗ್ರಾಂಗೆ 9 ಕಿಲೋಕ್ಯಾಲರಿ ಇರುತ್ತದೆ. ಟ್ರ್ಯಾಕರ್ ಈ ಬದಿಯ ಲೆಕ್ಕವನ್ನು ತಾನಾಗಿ ನೋಡಲಾರದು. ಆ್ಯಪ್‌ನಲ್ಲಿ ಆಹಾರವನ್ನು ನಮೂದಿಸಬಹುದಾದರೂ ಮನೆಯ ರೊಟ್ಟಿಯ ಗಾತ್ರ, ಒಗ್ಗರಣೆಯ ಎಣ್ಣೆ, ಹೋಟೆಲಿನವರು ಹಾಕುವ ಬೆಣ್ಣೆಯ ಉಂಡೆ ಯಾವ ಪಟ್ಟಿಯಲ್ಲೂ ಒಂದೇ ಆಗಿರುವುದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ 528 ಭಾರತೀಯ ಆಹಾರ ಪದಾರ್ಥಗಳ ಸಂಯೋಜನೆಯನ್ನು ಪ್ರಕಟಿಸಿದೆ. ಅದು ಬಹುಮಟ್ಟಿಗೆ ಕಚ್ಚಾ ಪದಾರ್ಥಗಳ ವಿವರ, ಬಡಿಸಿದ ತಟ್ಟೆಯದಲ್ಲ.

ದೇಹವೂ ಹೊಂದಿಕೊಳ್ಳುತ್ತದೆ. ಚಟುವಟಿಕೆ ಹೆಚ್ಚಿದಾಗ ಹಸಿವು ಹೆಚ್ಚಬಹುದು, ದಿನದ ಉಳಿದ ಹೊತ್ತಿನ ಓಡಾಟ ತಗ್ಗಬಹುದು. ಹರ್ಮನ್ ಪಾಂಟ್ಸರ್ ಮತ್ತು ಸಹೋದ್ಯೋಗಿಗಳು 2012ರಲ್ಲಿ ತಾಂಜಾನಿಯಾದ ಹಾಡ್ಜಾ ಬೇಟೆಗಾರ ಸಮುದಾಯವನ್ನು ಅಧ್ಯಯನ ಮಾಡಿ, ದಿನವೂ ಬಹುದೂರ ನಡೆಯುವ ಆ ಜನರ ಒಟ್ಟು ಶಕ್ತಿವ್ಯಯ ದೇಹದ ಗಾತ್ರವನ್ನು ಪರಿಗಣಿಸಿದರೆ ಪಾಶ್ಚಾತ್ಯ ನಗರವಾಸಿಗಳಿಗಿಂತ ಹೆಚ್ಚೇನೂ ಇಲ್ಲವೆಂದು ತೋರಿಸಿದರು.

ಕರ್ನಾಟಕದ ಸಂದರ್ಭ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15–49 ವಯಸ್ಸಿನ ಅಧಿಕ ತೂಕದ ಮಹಿಳೆಯರ ಪ್ರಮಾಣ 2015–16ರಲ್ಲಿ ಶೇ. 23.3 ಇದ್ದದ್ದು 2019–21ರ ವೇಳೆಗೆ ಶೇ. 30.1ಕ್ಕೆ ಏರಿತು. ಪುರುಷರಲ್ಲಿಯೂ ಇದು ಶೇ. 30ನ್ನು ದಾಟಿದೆ. ಸಮೀಕ್ಷೆ ಬಳಸಿದ್ದು ದೇಹ ದ್ರವ್ಯರಾಶಿ ಸೂಚ್ಯಂಕ 25 ಎಂಬ ಅಂತರರಾಷ್ಟ್ರೀಯ ಮಿತಿಯನ್ನು. ಭಾರತೀಯರಿಗೆ ವೈದ್ಯರು ಸೂಚಿಸುವ 23ರ ಮಿತಿಯನ್ನು ಅನ್ವಯಿಸಿದರೆ ಪ್ರಮಾಣ ಇನ್ನೂ ಹೆಚ್ಚಾಗುತ್ತದೆ.

ದುಡಿಮೆಯ ಬದಲಾವಣೆ ಇದಕ್ಕೆ ಒಂದು ಕಾರಣ. ದಾವಣಗೆರೆ ಒಂದು ಕಾಲಕ್ಕೆ ಹತ್ತಿಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿತ್ತು. ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಯಂತ್ರೋಪಕರಣ ಕಾರ್ಖಾನೆಯಿತ್ತು. ಇಂದು ಆ ಕಾರ್ಖಾನೆಯಿಲ್ಲ, ಗಿರಣಿಗಳ ವೈಭವವೂ ಇಲ್ಲ. ದಾವಣಗೆರೆ ಈಗ ಕಾಲೇಜು, ಆಸ್ಪತ್ರೆ, ವ್ಯಾಪಾರಗಳ ಊರು. ಬೆಳಗ್ಗೆ ಕುಂದವಾಡ ಕೆರೆಯ ಏರಿಯ ಮೇಲೆ ನಡೆಯುವವರಿಗೆ ಹೆಜ್ಜೆ ಎಣಿಸುವ ಅಗತ್ಯ ಬಂದಿರುವುದು ಹೊಟ್ಟೆಪಾಡಿನ ದುಡಿಮೆಯೇ ನಡೆಸುತ್ತಿದ್ದ ಕಾಲ ಕಳೆದ ಮೇಲೆ. 2017ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ, ಸ್ಮಾರ್ಟ್‌ಫೋನ್ ದತ್ತಾಂಶ ಆಧರಿಸಿದ ಅಧ್ಯಯನದಲ್ಲಿ ಭಾರತೀಯರ ಸರಾಸರಿ ದಿನಕ್ಕೆ 4,297 ಹೆಜ್ಜೆ ಎಂದಿತ್ತು. ಇದು ಸ್ಮಾರ್ಟ್‌ಫೋನ್ ಉಳ್ಳವರ ಸರಾಸರಿಯೇ ಹೊರತು ಗದ್ದೆಯಲ್ಲಿ ನಾಟಿ ಮಾಡುವವರದಲ್ಲ.

ತೂಕ ಇಳಿಯದಿದ್ದರೆ ನಡಿಗೆ ವ್ಯರ್ಥವೆಂದು ಭಾವಿಸಿ ಬಿಟ್ಟುಬಿಡುವುದು ಟ್ರ್ಯಾಕರ್ ಬಳಕೆದಾರರಲ್ಲಿ ಕಂಡುಬರುವ ತಪ್ಪು ತಿಳಿವಳಿಕೆ. ಚೆನ್ನೈನಲ್ಲಿ ಎ. ರಾಮಚಂದ್ರನ್ ನೇತೃತ್ವದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಭಾರತೀಯ ಮಧುಮೇಹ ತಡೆ ಕಾರ್ಯಕ್ರಮ ಇದಕ್ಕೆ ಉತ್ತರ ನೀಡುತ್ತದೆ. ಮಧುಮೇಹದ ಅಂಚಿನಲ್ಲಿದ್ದ 531 ಮಂದಿಯಲ್ಲಿ ಆಹಾರ ಮತ್ತು ನಡಿಗೆಯ ಸಲಹೆ ಪಾಲಿಸಿದ ಗುಂಪಿನವರಿಗೆ ಮಧುಮೇಹ ಬರುವ ಅಪಾಯ ಶೇ. 28.5ರಷ್ಟು ತಗ್ಗಿತು. ಅವರ ತೂಕದಲ್ಲಿ ಮಾತ್ರ ಹೇಳಿಕೊಳ್ಳುವಂತಹ ಇಳಿಕೆ ಆಗಿರಲಿಲ್ಲ.

ಯಾರಿಗೆ ಉಪಯುಕ್ತ

ಆಹಾರ ನಿಯಂತ್ರಣ ಮತ್ತು ವೈದ್ಯರ ಅಥವಾ ಆಹಾರತಜ್ಞರ ನಿಯಮಿತ ಸಲಹೆಯ ಜೊತೆಗೆ ಬಳಸಿದಾಗ ಟ್ರ್ಯಾಕರ್ ಪೂರಕ ಸಾಧನವಾಗಬಲ್ಲದು. ಕುಳಿತು ಕೆಲಸ ಮಾಡುವವರು ತಾವು ನಿಜಕ್ಕೂ ಎಷ್ಟು ಕಡಿಮೆ ನಡೆಯುತ್ತೇವೆಂದು ತಿಳಿಯಲು ಮೊದಲ ಕೆಲವು ವಾರಗಳ ಎಣಿಕೆಯೇ ಸಾಕಾಗುತ್ತದೆ. ಹೋಲಿಕೆಗೆ ಕ್ಯಾಲರಿಯ ಅಂಕಿಗಿಂತ ಹೆಜ್ಜೆಯ ಅಂಕಿ ಹೆಚ್ಚು ವಿಶ್ವಾಸಾರ್ಹ. ತೂಕ ಇಳಿಸಿದವರು ಅದನ್ನು ಮತ್ತೆ ಏರದಂತೆ ಕಾಯ್ದುಕೊಳ್ಳುವಲ್ಲಿ ಚಟುವಟಿಕೆಯ ಪಾತ್ರ ದೊಡ್ಡದು: ಅಮೆರಿಕದಲ್ಲಿ 1994ರಿಂದ ನಡೆಯುತ್ತಿರುವ ರಾಷ್ಟ್ರೀಯ ತೂಕ ನಿಯಂತ್ರಣ ನೋಂದಣಿಯಲ್ಲಿ, ಕನಿಷ್ಠ 13.6 ಕೆ.ಜಿ. ಇಳಿಸಿ ವರ್ಷಕ್ಕಿಂತ ಹೆಚ್ಚು ಕಾಲ ಉಳಿಸಿಕೊಂಡವರು ದಿನಕ್ಕೆ ಸರಾಸರಿ ಒಂದು ಗಂಟೆಯ ವ್ಯಾಯಾಮವನ್ನು ವರದಿ ಮಾಡಿದ್ದಾರೆ.

ಎಚ್ಚರಿಕೆಗಳು

ಅಮೆರಿಕದ ಕಾಲೇಜು ವಿದ್ಯಾರ್ಥಿಗಳ ಕುರಿತ 2017ರ ಅಧ್ಯಯನವೊಂದು ಕ್ಯಾಲರಿ ಎಣಿಕೆ ಹಾಗೂ ಟ್ರ್ಯಾಕರ್ ಬಳಕೆಗೂ ಆಹಾರ ಸೇವನೆಯ ಅಸ್ವಸ್ಥತೆಯ ಲಕ್ಷಣಗಳಿಗೂ ಸಂಬಂಧವನ್ನು ಗುರುತಿಸಿತು. ಯಾವುದರಿಂದ ಯಾವುದು ಎಂಬುದನ್ನು ಅದು ನಿರ್ಧರಿಸಲಿಲ್ಲ. ಮಧುಮೇಹಕ್ಕೆ ಇನ್ಸುಲಿನ್ ಪಡೆಯುವವರು ಹೆಜ್ಜೆಯ ಗುರಿಗಾಗಿ ನಡಿಗೆಯನ್ನು ಏಕಾಏಕಿ ಹೆಚ್ಚಿಸಿದರೆ ರಕ್ತದ ಸಕ್ಕರೆ ಅಪಾಯಕಾರಿಯಾಗಿ ಇಳಿಯಬಹುದು. ಸೂಜಿ ಚುಚ್ಚದೆ ಸಕ್ಕರೆ ಅಳೆಯುತ್ತವೆ ಎಂದು ಮಾರಲಾಗುವ ವಾಚುಗಳು ಮತ್ತು ಉಂಗುರಗಳನ್ನು ಬಳಸಬಾರದೆಂದೂ ಅಂತಹ ಯಾವ ಸಾಧನಕ್ಕೂ ತಾನು ಅನುಮತಿ ನೀಡಿಲ್ಲವೆಂದೂ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2024ರ ಫೆಬ್ರವರಿಯಲ್ಲಿ ಎಚ್ಚರಿಸಿತು.