ಪೇಟೆಗೆ ಹೆಸರಿಟ್ಟವರು

ವಿಜಯನಗರದ ಅರಸರ ಕಾಲದಲ್ಲಿ ಹೊಸ ಪೇಟೆ ಕಟ್ಟಿಸುವುದರ ಜೊತೆಗೆ ಅದಕ್ಕೆ ಹೆಸರಿಡುವುದೂ ರಾಜಕಾರ್ಯವೇ ಆಗಿತ್ತು. ಒಂದು ದೊಡ್ಡ ಗುಡಿ, ಅದರ ಮುಂದೆ ತೇರಿನ ಬೀದಿ, ಬೀದಿಯ ಎರಡೂ ಬದಿಗೆ ಅಂಗಡಿಸಾಲು, ಪಕ್ಕದಲ್ಲಿ ಪುಷ್ಕರಣಿ: ಇಷ್ಟಾದರೆ ಒಂದು ಪುರ. ಗುಡಿಯ ದೇವರ ಹೆಸರು ಹೊತ್ತ ವಿಠ್ಠಲಪುರ, ಕೃಷ್ಣಾಪುರಗಳು ಹುಟ್ಟಿದ್ದು ಹೀಗೆ. ಎರಡನೆಯದರಲ್ಲಿ ದೇವರೂ ಕೃಷ್ಣ, ಅರಸನೂ ಕೃಷ್ಣ. ಉದಯಗಿರಿಯನ್ನು ಗೆದ್ದು ತಂದ ಬಾಲಕೃಷ್ಣನ ವಿಗ್ರಹವನ್ನು ಕೃಷ್ಣದೇವರಾಯ 1515ರಲ್ಲಿ ಅಲ್ಲಿ ಪ್ರತಿಷ್ಠಾಪಿಸಿದ. ಒಂದೇ ಹೆಸರಿನಲ್ಲಿ ಭಕ್ತಿಯೂ ಸಂದಿತು, ಬಿರುದೂ ಸಂದಿತು.

ರಾಜಧಾನಿಗಂತೂ ಒಂದೇ ಹೆಸರು ಸಾಲಲಿಲ್ಲ. ತುಂಗಭದ್ರೆಯ ಹಳೆಯ ಹೆಸರಾದ ಪಂಪೆಯಿಂದ ಬಂದ ಹಂಪಿ ಅರಸೊತ್ತಿಗೆಗಿಂತ ಬಹಳ ಹಿಂದಿನದು. ನೆರೆಯ ಕಂಪ್ಲಿ ಚಾಲುಕ್ಯರ ಕಾಲಕ್ಕೇ ಹೆಸರಾಂತ ಊರು. ಅಲ್ಲಿಂದ ಹೆಸರು ಪಡೆದ ಕಂಪಿಲ ರಾಜ್ಯ 1327ರ ಹೊತ್ತಿಗೆ ದೆಹಲಿಯ ಸುಲ್ತಾನನಿಗೆ ಸೋತು ಅಳಿಯಿತು. ವಿಜಯನಗರದ ಅರಸೊತ್ತಿಗೆ ಸ್ಥಾಪಿಸಿದ ಸಂಗಮ ಸೋದರರು ಹೊಳೆಯ ದಕ್ಷಿಣ ದಡದಲ್ಲಿ ನೆಲೆಯೂರಿದ ಮೊದಲ ದಶಕಗಳ ಶಾಸನಗಳಲ್ಲಿ ಅವರ ಪಟ್ಟಣವನ್ನು ಹೊಸಪಟ್ಟಣ ಎಂದೇ ಕರೆದಿದೆ. ಗೆಲುವನ್ನು ಸಾರುವ ವಿಜಯನಗರ ಆಮೇಲೆ ನೆಲೆಗೊಂಡಿತು. ವಿದ್ಯಾರಣ್ಯ ಯತಿಗಳನ್ನು ನೆನೆಸುವ ವಿದ್ಯಾನಗರ ಎಂಬ ಮೂರನೆಯ ಹೆಸರೂ ಇತ್ತು. ಆ ಯತಿಗಳೇ ನಗರ ಕಟ್ಟಿಸಿದರೆಂದು ಹೇಳುವ ಶಾಸನಗಳಲ್ಲಿ ಹಲವು ನಂತರದ ಕಾಲದಲ್ಲಿ ಬರೆದವು ಎಂಬುದು ಅನೇಕ ಇತಿಹಾಸಕಾರರ ಅಭಿಪ್ರಾಯ. ಅದು ನಿಜವಾದರೆ, ನಗರ ಬೆಳೆದ ಮೇಲೆ ಅದಕ್ಕೊಬ್ಬ ಗುರುವನ್ನೂ ಗುರುವಿನ ಹೆಸರನ್ನೂ ಜೋಡಿಸಿದಂತಾಯಿತು. ಹೊರಗಿನವರು ಮಾತ್ರ ಈ ಚರ್ಚೆಗೆ ಕಾಯಲಿಲ್ಲ. 1443ರಲ್ಲಿ ಬಂದ ಅಬ್ದುಲ್ ರಜಾಕ್‌ಗೆ ಇದು ಬಿಜಾನಗರ, ಪೋರ್ಚುಗೀಸರಿಗೆ ಬಿಸ್ನಗ.

ತುಳುವ ವಂಶದ ಅರಸರ ಕಾಲದಲ್ಲಿ ಮನೆಮಂದಿಯ ಹೆಸರುಗಳು ಊರುಗಳಿಗೆ ಇಳಿದವು. ಕೃಷ್ಣದೇವರಾಯ ಮಗ ತಿರುಮಲನ ಗೌರವಕ್ಕೆ 1524ರಲ್ಲಿ ಅನಂತಶಯನನ ಗುಡಿ ಕಟ್ಟಿಸಿ, ಸುತ್ತಲಿನ ಪುರವನ್ನು ಸಾಲೆ ತಿರುಮಲೆ ಮಹಾರಾಯಪುರ ಎಂದು ಕರೆದ. ಹುಡುಗ ಎಳೆಯ ವಯಸ್ಸಿನಲ್ಲೇ ತೀರಿಕೊಂಡ. ಹೆಸರೂ ಹೆಚ್ಚು ದಿನ ಬಾಳಲಿಲ್ಲ. ಆ ಉದ್ದಕ್ಕೆ ಬಾಳುವುದೂ ಕಷ್ಟವಿತ್ತು. ಊರು ಇಂದು ಅನಂತಶಯನಗುಡಿ. ಅಚ್ಯುತರಾಯನ ರಾಣಿಯ ಹೆಸರಿನ ವರದಾದೇವಿ ಅಮ್ಮನ ಪಟ್ಟಣಕ್ಕೂ ಅದೇ ಗತಿಯಾಗಿ, ಅಲ್ಲಿನ ಪಟ್ಟಾಭಿರಾಮ ಗುಡಿಯ ಹೆಸರಷ್ಟೇ ಬಳಕೆಯಲ್ಲಿ ಉಳಿಯಿತು. ಇದಕ್ಕೆ ತದ್ವಿರುದ್ಧವಾದದ್ದು ಅಚ್ಯುತಪುರದ ಕತೆ. ಅಲ್ಲಿನ ಗುಡಿಯನ್ನು 1534ರಲ್ಲಿ ಕಟ್ಟಿಸಿದವನು ಹಿರಿಯ ತಿರುಮಲರಾಜ, ದೇವರು ತಿರುವೆಂಗಳನಾಥ. ಜನ ಈಗ ಹೇಳುವುದು ಅಚ್ಯುತರಾಯ ಗುಡಿ ಎಂದು. ದೇವರೂ ಕಟ್ಟಿಸಿದವನೂ ಹಿಂದೆ ಸರಿದು, ಆಗ ಆಳುತ್ತಿದ್ದ ಅರಸ ಮುಂದೆ ಬಂದಿದ್ದಾನೆ.

ಈಗಿನ ಹೊಸಪೇಟೆಯ ಕಡೆ ಕೃಷ್ಣದೇವರಾಯ ಎಬ್ಬಿಸಿದ ಪಟ್ಟಣಕ್ಕೆ ಎರಡು ಹೆಸರು ಹೇಳುತ್ತಾರೆ: ತಾಯಿ ನಾಗಲಾದೇವಿಯ ನೆನಪಿನ ನಾಗಲಾಪುರ ಮತ್ತು ಪಟ್ಟದರಸಿ ತಿರುಮಲಾದೇವಿಯ ಪಟ್ಟಣ. ಆ ಕಾಲದಲ್ಲೇ ಬಂದಿದ್ದ ಪೋರ್ಚುಗೀಸ ಡೊಮಿಂಗೊ ಪಾಯೆಸ್, ಅರಸ ಒಲವಿನ ಹೆಂಡತಿಯ ಹೆಸರನ್ನೇ ಊರಿಗಿಟ್ಟನೆಂದು ಬರೆದ. ಹೆಸರು ಯಾರದೇ ಆಗಲಿ, ಒಕ್ಕಲು ಬಂದು ನೆಲೆಸಿದ್ದು ಅದರ ಬಲದಿಂದಲ್ಲ. ಹೊಸ ಕೆರೆಯ ನೀರು ಹರಿಯುವ ಭೂಮಿಯನ್ನು ಒಂಬತ್ತು ವರ್ಷ ಕಂದಾಯವಿಲ್ಲದೆ ಕೊಟ್ಟರೆಂದು ಇನ್ನೊಬ್ಬ ಪೋರ್ಚುಗೀಸ, ನ್ಯೂನಿಸ್, ದಾಖಲಿಸಿದ್ದಾನೆ. ಹೆಸರು ಬಾಗಿಲವರೆಗೆ ಕರೆತರುತ್ತದೆ, ಉಳಿಸಿಕೊಳ್ಳಲು ಬೇರೆ ಏನಾದರೂ ಬೇಕು.

1565ರ ಯುದ್ಧದಲ್ಲಿ ವಿಜಯನಗರ ಸೋತ ನಂತರ ನಗರ ಬರಿದಾಯಿತು. ತಾಯಿಯ ಹೆಸರೂ ರಾಣಿಯ ಹೆಸರೂ ಹೋಗಿ, ಸಂತೆಗೆ ಬರುವವರ ಬಾಯಲ್ಲಿದ್ದ ಹೊಸಪೇಟೆ ನಿಂತಿತು. ‘ಹೊಸ’ ಎಂಬುದು ಈ ಸೀಮೆಯ ಹಳೆಯ ಚಾಳಿ. ಕಂಪಿಲ ರಾಜ್ಯದ ಕೋಟೆಗಳಲ್ಲಿ ಒಂದು ಹೊಸಮಲೆದುರ್ಗ, ಸಂಗಮರದು ಹೊಸಪಟ್ಟಣ, ಆಮೇಲೆ ಹೊಸಪೇಟೆ. ಸಂಡೂರು ತಾಲ್ಲೂಕಿನ ದರೋಜಿಯಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. ಅಲ್ಲಿ ಹೊಸ ದರೋಜಿಯೂ ಇದೆ, ಹಳೇ ದರೋಜಿಯೂ ಇದೆ. ಹೊಸತು ಹುಟ್ಟುವ ತನಕ ಯಾವ ಊರೂ ತನ್ನನ್ನು ಹಳೇದು ಎಂದು ಕರೆದುಕೊಳ್ಳುವುದಿಲ್ಲ. ಎರಡನೆಯ ಊರಿಗೆ ಹೆಸರಿಟ್ಟಾಗ ಮೊದಲನೆಯದಕ್ಕೂ ಮರುನಾಮಕರಣವಾಗುತ್ತದೆ. ದರೋಜಿಯ ಹೆಸರು ಊರಿನ ಎಲ್ಲೆಯಾಚೆಗೂ ಹೋಗಿದೆ. ಬುರ್ರಕಥೆಯ ಈರಮ್ಮ ನಾಡಿಗೆಲ್ಲ ದರೋಜಿ ಈರಮ್ಮನೆಂದೇ ಪರಿಚಿತರು. 1994ರಲ್ಲಿ ಘೋಷಣೆಯಾದ ಕರಡಿಧಾಮ ಬಿಳಿಕಲ್ಲು ಕಾಯ್ದಿಟ್ಟ ಅರಣ್ಯದಲ್ಲಿದ್ದು, ಕಮಲಾಪುರದ ಕಡೆಯಿಂದಲೂ ಸಮೀಪವೇ. ಆದರೂ ಅದು ದರೋಜಿ ಕರಡಿಧಾಮ.

ಇಪ್ಪತ್ತನೆಯ ಶತಮಾನದಲ್ಲಿ ಹೆಸರಿಡುವ ಅಧಿಕಾರ ಅರಸರಿಂದ ಸರ್ಕಾರಕ್ಕೂ ಕಂಪನಿಗಳಿಗೂ ಬಂತು. ಅವರು ಹುಡುಕಿದ್ದು ಮಾತ್ರ ಅರಸರ ಪೆಟ್ಟಿಗೆಯಲ್ಲೇ. ತುಂಗಭದ್ರೆಯ ಜಲಾಶಯಕ್ಕೆ ಪಂಪಾಸಾಗರ ಎಂಬ ಸೊಗಸಾದ ಹೆಸರಿದೆ, ಬಸ್ಸು ಹತ್ತುವವರು ಕೇಳುವುದು ಟಿ.ಬಿ. ಡ್ಯಾಂಗೆ ಟಿಕೆಟ್ಟು. 1991ರಲ್ಲಿ ಸ್ಥಾಪನೆಯಾದ ಕನ್ನಡ ವಿಶ್ವವಿದ್ಯಾಲಯ ಹಂಪಿಯ ಹೆಸರನ್ನು ಹೊತ್ತು, ಆವರಣಕ್ಕೆ ವಿದ್ಯಾರಣ್ಯ ಎಂದು ಹೆಸರಿಟ್ಟುಕೊಂಡಿತು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ವಿಜಯನಗರದ ಹೆಸರು, ಅಲ್ಲಿನ ನೌಕರರ ಬಡಾವಣೆಗೆ ವಿದ್ಯಾನಗರ. ಹದಿನಾಲ್ಕನೆಯ ಶತಮಾನದ ಜೋಡಿ ಹೆಸರುಗಳು ಗಣಿಧೂಳಿನ ನಡುವೆ ಮತ್ತೆ ಅಕ್ಕಪಕ್ಕ ನಿಂತವು.

2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ಊರುಗಳ ಇಂಗ್ಲಿಷ್ ರೂಪ ತಿದ್ದಿದಾಗ ಹಾಸ್ಪೆಟ್ ಅಳಿದು ಕಾಗದಪತ್ರಗಳಲ್ಲೂ ಹೊಸಪೇಟೆ ಆಯಿತು. ಬಳ್ಳಾರಿಯನ್ನು ಒಡೆದು 2021ರಲ್ಲಿ ರಚಿಸಿದ ಜಿಲ್ಲೆಗೆ ವಿಜಯನಗರ ಎಂಬ ಹೆಸರು ಬಂತು, ಹೊಸಪೇಟೆ ಅದರ ಕೇಂದ್ರವಾಯಿತು, ಹಂಪಿಯೂ ಅದಕ್ಕೇ ಸೇರಿತು. ಕಂಪ್ಲಿ, ಸಂಡೂರು ತಾಲ್ಲೂಕುಗಳು ಬಳ್ಳಾರಿಯಲ್ಲೇ ಉಳಿದವು. ಹಾಗಾಗಿ ಎರಡೂ ದರೋಜಿಗಳು ಹೊಸ ಜಿಲ್ಲೆಯ ಹೊರಗಿವೆ. ವಿಜಯನಗರದ ಹೆಸರಿನ ಉಕ್ಕಿನ ಕಾರ್ಖಾನೆ ಕೂಡ.