ತಟ್ಟೆ ತೊಳೆದು ಕುಡಿದವರು

ಮುಂಬಯಿಯ ಉಡುಪಿ ಹೋಟೆಲುಗಳ ಚರಿತ್ರೆ ಹೇಳುವವರೆಲ್ಲ ಮಾಟುಂಗಾದಿಂದ ಶುರು ಮಾಡುತ್ತಾರೆ. 1942ರಲ್ಲಿ ಎ. ರಾಮ ನಾಯಕರು ಅಲ್ಲಿ ತೆರೆದ ಊಟದ ಮನೆ ಇನ್ನೂ ನಡೆಯುತ್ತಿರುವಾಗ ಅದು ಸರಿಯೇ. ಆದರೆ ಎಪ್ಪತ್ತರ ದಶಕದಲ್ಲಿ ನಾನು ಕ್ಲೀನರ್ ಆಗಿ ಸೇರಿದ್ದು ಘಾಟ್ಕೋಪರಿನಲ್ಲಿ. ಅಲ್ಲಿನ ಕತೆ ಬೇರೆ. ಮಾಟುಂಗಾದಲ್ಲಿ ಬಡಿಸುವವರೂ ಉಣ್ಣುವವರೂ ಹೆಚ್ಚಾಗಿ ದಕ್ಷಿಣದವರು. ಘಾಟ್ಕೋಪರ್ ಪೂರ್ವದಲ್ಲಿ ಗಲ್ಲೆಯಲ್ಲಿ ಕುಳಿತವರು ಕುಂದಾಪುರ, ಕಾರ್ಕಳದ ಕಡೆಯವರು. ಮೇಜಿನ ಮುಂದೆ ಕುಳಿತವರಲ್ಲಿ ಬಹುಪಾಲು ಕಚ್ಛ್, ಕಾಠಿಯಾವಾಡದಿಂದ ಬಂದ ಗುಜರಾತಿಗಳು, ಅದರಲ್ಲೂ ಜೈನರು.

ಅವರಿಗೆ ಒಗ್ಗುವಂತೆ ನಮ್ಮ ಅಡುಗೆಮನೆಯೇ ಬದಲಾಯಿತು. ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಸಾಂಬಾರಿಗೆ ಬೇರೆ ಪಾತ್ರೆ, ಬೇರೆ ಸೌಟು. ಮಸಾಲೆ ದೋಸೆಗೆ ಆಲೂಗಡ್ಡೆಯ ಬದಲು ಬಾಳೆಕಾಯಿ ಪಲ್ಯ, ಯಾಕೆಂದರೆ ನೆಲದಡಿ ಬೆಳೆದದ್ದು ಅವರಿಗೆ ವರ್ಜ್ಯ. ಅವರ ಉಪವಾಸದ ಪರ್ವವಾದ ಪರ್ಯುಷಣದ ಎಂಟು ದಿನ ಮೇಜುಗಳು ಬಿಕೋ ಎನ್ನುತ್ತಿದ್ದವು. ಧಣಿಗಳು ಗೋಡೆಗೆ ಸುಣ್ಣ ಹೊಡೆಸಲು ಆ ವಾರವನ್ನೇ ಕಾಯುತ್ತಿದ್ದರು. ತೀರಾ ಕಟ್ಟುನಿಟ್ಟಿನವರು ಹೋಟೆಲಿನ ಮೆಟ್ಟಿಲು ಹತ್ತುತ್ತಲೇ ಇರಲಿಲ್ಲವೆನ್ನಿ. ಹತ್ತಿದವರಲ್ಲಿ ಕೆಲವರಿಗೆ ಹೊತ್ತು ಮುಳುಗುವ ಮೊದಲೇ ಊಟ ಮುಗಿಯಬೇಕು. ಆಮೇಲೆ ಚೌವಿಹಾರ, ನೀರೂ ಇಲ್ಲ.

ಹೀಗಾಗಿ ನಮ್ಮ ಸಂಜೆಯ ರಶ್ಶಿಗೆ ಗಡಿಯಾರ ಸೂರ್ಯನೇ. ಡಿಸೆಂಬರಿನಲ್ಲಿ ಐದಕ್ಕೇ ನೂಕುನುಗ್ಗಲು, ಆರಕ್ಕೆಲ್ಲ ತಣ್ಣಗೆ. ಮೇ ತಿಂಗಳಲ್ಲಿ ಏಳಾದರೂ ಮುಗಿಯದು. ಇದು ನನಗೆ ನೆನಪಿರಲು ಕಾರಣ ಭಕ್ತಿಯಲ್ಲ, ರಾತ್ರಿ ಶಾಲೆ. ಹಗಲು ದುಡಿಯುವ ಹುಡುಗರಿಗಾಗಿ ಈ ಊರಿನ ನಮ್ಮವರು ಕಟ್ಟಿದ ದೊಡ್ಡ ವ್ಯವಸ್ಥೆ ಅದು: 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ 1908ರಷ್ಟು ಹಿಂದೆಯೇ ರಾತ್ರಿ ಶಾಲೆ ತೆರೆದಿತ್ತು, 1932ರ ಬಿಲ್ಲವರ ಅಸೋಸಿಯೇಷನ್ ಗುರುನಾರಾಯಣ ರಾತ್ರಿ ಶಾಲೆ ನಡೆಸಿತು. ನನ್ನ ಶಾಲೆ ಕೋಟೆಯ (ಫೋರ್ಟ್) ಕಡೆ ಇತ್ತು. ಸೂರ್ಯ ತಡಮಾಡಿದ ದಿನ ಮೊದಲ ಪಾಠ ತಪ್ಪುತ್ತಿತ್ತು. ಸಂಜೆ ವಿ.ಟಿ. (ವಿಕ್ಟೋರಿಯಾ ಟರ್ಮಿನಸ್) ಕಡೆಗೆ ಹೋಗುವ ಲೋಕಲ್ ಖಾಲಿ. ಊರೆಲ್ಲ ಎದುರು ದಿಕ್ಕಿಗೆ ಮನೆಗೆ ಹೊರಟಿರುತ್ತದೆ. ಬೆಳಿಗ್ಗೆ ಐದರಿಂದ ನಿಂತ ಕಾಲಿಗೆ ಕಿಟಕಿಯ ಸೀಟು ಸಿಕ್ಕುವುದು ಆಗ ಮಾತ್ರ. ಆ ಸುಖಕ್ಕಾಗಿಯೇ ಶಾಲೆಗೆ ಸೇರಿದವರೂ ಇದ್ದರು, ನಾನೊಬ್ಬನೇ ಅಲ್ಲ.

ಆ ಸಂಜೆಯ ಗಿರಾಕಿಗಳಲ್ಲಿ ಒಬ್ಬ ಕಾಕಾ ಇದ್ದರು. ಬಟ್ಟೆ ವ್ಯಾಪಾರ, ಬಿಳಿ ಟೋಪಿ. ಊಟದ ನಡುವೆ ಪೇಪರ್ ಓದುವುದಿಲ್ಲ, ಲೆಕ್ಕ ಮಾತಾಡುವುದಿಲ್ಲ. ಕೊನೆಗೆ ಲೋಟದ ನೀರನ್ನು ತಟ್ಟೆಗೆ ಸುರಿದು, ಬೆರಳಿನಿಂದ ಅಂಚು ಸವರಿ, ಅದನ್ನೇ ಕುಡಿದುಬಿಡುತ್ತಿದ್ದರು. ಮೊದಲ ಸಲ ನೋಡಿದಾಗ ನನಗೆ ಹೇಸಿಗೆಯಾಯಿತು. ಅಡುಗೆಯ ಭಟ್ಟರು ಹೇಳಿದರು: ‘ಅದು ಅವರ ನೇಮ ಮಾರಾಯ. ತಟ್ಟೆಯಲ್ಲಿ ಅಗುಳು ಉಳಿದರೆ ಜೀವ ಹುಟ್ಟುತ್ತದೆ, ಆಮೇಲೆ ಅದು ಸಾಯುತ್ತದೆ. ಆ ಪಾಪ ಬೇಡ ಅಂತ.’

ನೇಮ ಅಹಿಂಸೆಯದ್ದೇ ಇರಬಹುದು. ಮೋರಿಯ ಹತ್ತಿರ ನಿಂತವನಿಗೆ ಕಂಡದ್ದು ಇನ್ನೊಂದು. ಕ್ಲೀನರನಿಗೆ ಜನರ ಪರಿಚಯ ಮುಖದಿಂದಲ್ಲ, ತಟ್ಟೆಯಿಂದ. ಚಟ್ನಿಯಲ್ಲಿ ಬೀಡಿ ನಂದಿಸಿದ ತಟ್ಟೆ ಬಂದದ್ದಿದೆ. ಹೊಟ್ಟೆಗೆ ಸೇರಿದ್ದೇನೆಂದು ತಿಂದವನಿಗೇ ಗೊತ್ತಿಲ್ಲದ ಅರ್ಧ ತಟ್ಟೆಗಳಿಗಂತೂ ಲೆಕ್ಕವಿಲ್ಲ. ಕಾಕಾನ ತಟ್ಟೆಯಲ್ಲಿ ಮಾತ್ರ ಒಂದು ಸಾಸಿವೆ ಕಾಳೂ ಇರುತ್ತಿರಲಿಲ್ಲ. ‘ಥ್ಯಾಂಕ್ಯೂ’ ಅನ್ನುವ ರೂಢಿ ಆಗ ನಮ್ಮ ಹೋಟೆಲಿನಲ್ಲಿ ಯಾರಿಗೂ ಇರಲಿಲ್ಲ. ಎದುರಿಗಿರುವುದನ್ನು ಪೂರ್ತಿ ನೋಡಿ, ಪೂರ್ತಿ ಉಂಡು ಏಳುವುದೇ ಅಕ್ಕಿ ಬೆಳೆದವನಿಗೂ ಅರೆದವನಿಗೂ ಸಂದ ಉಪಕಾರ ಎಂದು ನಾನು ತಿಳಿದದ್ದು ಆ ತಟ್ಟೆಯಿಂದ.

ಕೃತಜ್ಞತೆಯ ಹೆಸರಿನಲ್ಲಿ ಬೇರೊಂದು ವ್ಯವಹಾರವೂ ನಡೆಯುತ್ತಿತ್ತು, ಅದನ್ನೂ ಹೇಳಬೇಕು. ಸಂಬಳ ಹೆಚ್ಚಿಸಿ ಎಂದವನಿಗೆ ಗಲ್ಲೆಯಿಂದ ಬರುತ್ತಿದ್ದ ಉತ್ತರ ‘ಉಪ್ಪಿನ ಋಣ ಮರೆತೆಯಾ?’ ಹತ್ತು ಹನ್ನೆರಡರ ಹುಡುಗರನ್ನು ಊರಿನಿಂದ ಕರೆತಂದು, ಊಟ, ಮಲಗಲು ಬೆಂಚು ಕೊಟ್ಟು, ಉಳಿದದ್ದನ್ನು ಋಣದ ಖಾತೆಗೆ ಬರೆದ ದಂಧೆ ಇದು. ಮೇಲಿನವರು ಕೇಳಿ ವಸೂಲು ಮಾಡುವ ಕೃತಜ್ಞತೆಯಲ್ಲಿ ನನಗೆ ಇವತ್ತಿಗೂ ನಂಬಿಕೆ ಇಲ್ಲ. 2006ರ ಅಕ್ಟೋಬರ್ 10ರಿಂದ ಹೋಟೆಲು, ಢಾಬಾಗಳಲ್ಲಿ ಹದಿನಾಲ್ಕರ ಒಳಗಿನವರನ್ನು ದುಡಿಸುವುದು ನಿಷೇಧವಾಯಿತು. ಅಷ್ಟರಲ್ಲಿ ಊರಿನ ಹುಡುಗರು ಬರುವುದೂ ನಿಂತಿತ್ತು. ರಾತ್ರಿ ಶಾಲೆಯ ಬೆಂಚುಗಳು ಖಾಲಿಯಾದವು. ಅದಕ್ಕೆ ಮರುಗುವ ಹಳೆಯ ವಿದ್ಯಾರ್ಥಿಗಳಿದ್ದಾರೆ. ನಾನು ಮರುಗುವುದಿಲ್ಲ.

ಬಾಳೆಕಾಯಿಯ ದೋಸೆ ಈಗ ‘ಜೈನ್ ಮಸಾಲಾ’ ಎಂಬ ಹೆಸರಿನಲ್ಲಿ ಮುಂಬಯಿಯ ಎಷ್ಟೋ ಮೆನುಗಳಲ್ಲಿದೆ. 2014ರಲ್ಲಿ ವರ್ಸೋವಾದಿಂದ ಮೆಟ್ರೊ ಬಂದ ಮೇಲಂತೂ ಘಾಟ್ಕೋಪರ್ ಸ್ಟೇಷನ್ ಸುತ್ತ ನಿಂತು ತಿನ್ನುವವರೇ ಜಾಸ್ತಿ, ಒಂದು ಕೈಯಲ್ಲಿ ಮೊಬೈಲು. ದೋಸೆ ಬರುವುದು ಕಾಗದದ ತಟ್ಟೆಯಲ್ಲಿ. ಅದಕ್ಕೆ ನೀರು ಸುರಿದರೆ ಕಾಕಾನಿಗೂ ಕುಡಿಯಲಾಗದು.