ಬಾಲಂಗೋಚಿ

ಆಷಾಢದ ಗಾಳಿಗೆ ನಂಜನಗೂಡಿನ ಕಪಿಲೆಯ ದಡದಲ್ಲೋ ತಿರುಮಕೂಡಲು ನರಸೀಪುರದ ಬಯಲಲ್ಲೋ ಗಾಳಿಪಟ ಬಿಡುವ ಹುಡುಗರಿಗೆ ಈ ಪದವನ್ನು ಯಾರೂ ಹೇಳಿಕೊಡಬೇಕಿಲ್ಲ. ಹಳೇ ಸೀರೆಯ ಅಂಚು ಹರಿದು ಪಟದ ತುದಿಗೆ ಕಟ್ಟಿದರೆ ಅದೇ ಬಾಲಂಗೋಚಿ. ಕಟ್ಟದಿದ್ದರೆ ಪಟ ನಾಲ್ಕು ಮಾರು ಏರಿ, ಗಿರಗಿರ ಸುತ್ತಿ, ಮೂತಿ ಮುಂದಾಗಿ ಬೀಳುತ್ತದೆ. ಬಟ್ಟೆಯ ಎಳೆತವೇ ಅದನ್ನು ನೆಟ್ಟಗೆ ನಿಲ್ಲಿಸುವುದು.

‘ಬಾಲ’ ಸಂಸ್ಕೃತದ ‘ವಾಲ’ದಿಂದ ಬಂದದ್ದು. ‘ಗೋಚಿ’ಗೆ ತೆಲುಗಿನಲ್ಲಿ ಲಂಗೋಟಿ ಎಂದರ್ಥ, ಅದೂ ಹಿಂದಕ್ಕೆ ಸಿಕ್ಕಿಸುವ ಬಟ್ಟೆಯೇ, ನಂಟಿದ್ದರೂ ಇರಬಹುದು.

ಮನುಷ್ಯರಿಗೆ ಅಂಟಿದಾಗ ಮಾತ್ರ ಇದು ಹೀಗಳಿಕೆ: ‘ಅವನೊಬ್ಬ ಬಾಲಂಗೋಚಿ.’ ಸಿನಿಮಾದ ಪತ್ತೇದಾರನ ಹಿಂದೆ ಸುತ್ತುವ ನಗೆಗಾರನಿಗೂ ಇದೇ ಪಟ್ಟ. 1968ರ ‘ಜೇಡರ ಬಲೆ’ಯಲ್ಲಿ ರಾಜ್‌ಕುಮಾರ್ ಗಂಭೀರ ಸಿಐಡಿ 999, ನಗಿಸುವ ಹೊಣೆ ನರಸಿಂಹರಾಜು ಅವರದು. ಹಾಲಿವುಡ್‌ನಲ್ಲಿ ಈ ಕೆಲಸ ತುಸು ಅತಿಯಾಯಿತು. 1939ರಿಂದ 1946ರವರೆಗಿನ 14 ಷರ್ಲಾಕ್ ಹೋಮ್ಸ್ ಚಿತ್ರಗಳಲ್ಲಿ ನಟ ನೈಜೆಲ್ ಬ್ರೂಸ್ ಆ ಪತ್ತೇದಾರನ ಜೊತೆಗಾರ ವಾಟ್ಸನ್‌ನನ್ನು ತಡಬಡಾಯಿಸುವ ಪೆದ್ದನನ್ನಾಗಿಸಿದರು. ಆದರೆ ಮೂಲ ಕಥೆಗಳಲ್ಲಿ ಕಾನನ್ ಡಾಯ್ಲ್ ಬರೆದ ವಾಟ್ಸನ್ ಅಫ್ಘನ್ ಯುದ್ಧದಲ್ಲಿ ಗಾಯಗೊಂಡು ಬಂದ ಸೇನಾ ವೈದ್ಯ. ಹೋಮ್ಸ್‌ನ ಬಹುಪಾಲು ಕಥೆಗಳನ್ನು ನಮಗೆ ಹೇಳಿದವನೂ ಅವನೇ.